ಅರ್ಬುದ ರೋಗದಲ್ಲಿ ಚಯಾಪಚಯವೂ ವಂಶವಾಹಿಗಳ ನಿಯಮನವೂ



ಲೋಕದಲ್ಲಿ ವ್ಯಾಧಿಗಳು ಅನೇಕವಾಗಿರುವುವು. ಅವುಗಳಲ್ಲಿ ಹೆಸರನ್ನು ಕೇಳಿದ ಮಾತ್ರಕ್ಕೇ ಮನೆಯವರೆಲ್ಲರ ಎದೆಯನ್ನು ನಡುಗಿಸತಕ್ಕದ್ದು ಅರ್ಬುದವು. ಬಳಕೆಯ ಮಾತಿನಲ್ಲಿ ಕ್ಯಾನ್ಸರು. ಸುಶ್ರುತಸಂಹಿತೆಯ ನಿದಾನಸ್ಥಾನದಲ್ಲಿ ಇದರ ವರ್ಣನೆಯುಂಟು. ದುಂಡಾಗಿ, ಸ್ಥಿರವಾಗಿ, ಆಳಕ್ಕೆ ಬೇರೂರಿ, ಮೆಲ್ಲಮೆಲ್ಲನೆ ಬೆಳೆದು, ಕೀವುಗೂಡದೆ ನಿಲ್ಲುವ ಗಂಟು ಇದೆಂದು ಪ್ರಾಚೀನರು ಕಂಡು ಹೇಳಿದರು. ಕಣ್ಣಿಗೂ ಕೈಗೂ ಎಟುಕಿದಷ್ಟನ್ನು ಅವರು ಸರಿಯಾಗಿಯೇ ಗುರುತಿಸಿದ್ದರು. ಆ ಗಂಟಿನ ಒಳಗೆ ನಡೆಯುವುದೇನೆಂಬುದಾದರೋ ಸೂಕ್ಷ್ಮದರ್ಶಕವೂ ರಸಾಯನಶಾಸ್ತ್ರವೂ ಬೆಳೆದ ತರುವಾಯವೇ ತಿಳಿಯತೊಡಗಿತು.

ಈ ರೋಗವು ಹೊಕ್ಕ ಮನೆಯಲ್ಲಿ ಎರಡು ಪ್ರಶ್ನೆಗಳು ಏಳುವುವು. ಇದು ಹುಟ್ಟುವಾಗಲೇ ದೇಹದಲ್ಲಿ ಬರೆದಿಟ್ಟ ಬರಹವೋ ಎಂಬುದು ಮೊದಲನೆಯದು. ಉಂಡ ಅನ್ನದಿಂದಾದ ದೋಷವೋ ಎಂಬುದು ಎರಡನೆಯದು. ಮೊದಲನೆಯದನ್ನು ನಂಬಿದವರು ಇನ್ನು ಮಾಡತಕ್ಕದ್ದೇನೂ ಇಲ್ಲವೆಂದು ಕೈಚೆಲ್ಲುವರು. ಎರಡನೆಯದನ್ನು ನಂಬಿದವರು ಬಳಲಿದ ರೋಗಿಯ ಮುಂದಿನ ತಟ್ಟೆಯನ್ನೇ ಎಳೆದುಕೊಳ್ಳುವರು. ಎರಡರಿಂದಲೂ ಹಾನಿಯೇ ಹೊರತು ಹಿತವಿಲ್ಲ. ವಿಶೇಷವೇನೆಂದರೆ, ಕಳೆದ ನೂರು ವರ್ಷಗಳಲ್ಲಿ ವಿಜ್ಞಾನಿಗಳೂ ಇಂಥವೇ ಎರಡು ಪಕ್ಷಗಳನ್ನು ಹಿಡಿದು ವಾದಿಸಿದರು. ಜೀವಕೋಶದ ಪಚನಕ್ರಿಯೆ ಕೆಟ್ಟುದೇ ಅರ್ಬುದದ ಮೂಲವೆಂಬುದು ಒಂದು ಪಕ್ಷ. ಅದರ ವಂಶವಾಹಿಗಳ ಬರಹ ಕೆಟ್ಟುದೇ ಮೂಲವೆಂಬುದು ಇನ್ನೊಂದು. ಈ ಎರಡಕ್ಕೂ ನಡುವೆ ಇರುವ ದಾರಿಯು 21ನೆಯ ಶತಮಾನದ ಆರಂಭದ ದಶಕಗಳಲ್ಲಿ ಸ್ಪಷ್ಟವಾಗಿ ಕಂಡುಬಂದಿದೆ. ಆ ದಾರಿಯು ಯಾವುದು, ಅದರಿಂದ ರೋಗಿಗೆ ಏನು ಪ್ರಯೋಜನ, ಎಷ್ಟರ ಮಟ್ಟಿಗೆ ಪ್ರಯೋಜನ ಎಂಬುದೇ ಈ ಉಪನ್ಯಾಸದ ವಿಷಯವು.

ಮೊದಲು ಬರಹದ ವಿಚಾರ. ಮಾನವದೇಹವು ಅನೇಕ ಲಕ್ಷ ಕೋಟಿ ಜೀವಕೋಶಗಳಿಂದ ಕೂಡಿದೆ. ಕೆಂಪು ರಕ್ತಕಣಗಳಂಥ ಕೆಲವನ್ನು ಬಿಟ್ಟರೆ, ಪ್ರತಿಯೊಂದರಲ್ಲಿಯೂ ಒಂದು ಕೋಶಕೇಂದ್ರವಿದ್ದು, ಅದರೊಳಗೆ ಡಿ.ಎನ್.ಎ. ಎಂಬ ಬಲು ಸಣ್ಣ ಎಳೆಯು ಅಡಕವಾಗಿರುವುದು. ಇದರ ರಚನೆಯನ್ನು 1953ರಲ್ಲಿ ವಾಟ್ಸನ್ ಮತ್ತು ಕ್ರಿಕ್ ಎಂಬ ವಿದ್ವಾಂಸರು ವಿವರಿಸಿದರು. ನಾಲ್ಕೇ ಅಕ್ಷರಗಳ ಲಿಪಿಯಲ್ಲಿ ಬರೆದ ಗ್ರಂಥದಂತೆ ಇದು ಇದೆ. ತಂದೆಯಿಂದ ಬಂದುದೊಂದು ಪ್ರತಿ, ತಾಯಿಯಿಂದ ಬಂದುದೊಂದು ಪ್ರತಿ. ಒಂದೊಂದು ಪ್ರತಿಯಲ್ಲಿ ಸುಮಾರು 300 ಕೋಟಿ ಅಕ್ಷರಗಳು. ಅದರೊಳಗೆ ದೇಹಕ್ಕೆ ಬೇಕಾದ ಪ್ರೋಟೀನುಗಳನ್ನು ಕಟ್ಟುವ ವಿಧಿಯನ್ನು ತಿಳಿಸುವ ಸುಮಾರು 20,000 ಪ್ರಕರಣಗಳಿವೆ. ಇವೇ ವಂಶವಾಹಿಗಳು.

ಇಲ್ಲಿ ಒಂದು ಶಂಕೆ ಏಳುವುದು. ಕಣ್ಣಿನ ಕೋಶದಲ್ಲಿಯೂ ಯಕೃತ್ತಿನ ಕೋಶದಲ್ಲಿಯೂ ಇರುವುದು ಒಂದೇ ಗ್ರಂಥವಾದರೆ, ಕಣ್ಣು ಕಣ್ಣಾಗಿಯೂ ಯಕೃತ್ತು ಯಕೃತ್ತಾಗಿಯೂ ಇರುವುದು ಹೇಗೆ? ಸಮಾಧಾನವೇನೆಂದರೆ, ಗ್ರಂಥ ಒಂದೇ ಆದರೂ ಓದುವ ಪ್ರಕರಣಗಳು ಬೇರೆಬೇರೆ. ಹಳೆಯ ಓಲೆಯ ಕಟ್ಟುಗಳನ್ನು ಕಂಡವರಿಗೆ ಇದು ಸುಲಭವಾಗಿ ತಿಳಿಯುವುದು. ಮರದ ಪಟ್ಟಿಗಳ ನಡುವೆ ದಾರದಿಂದ ಬಿಗಿದು ಕಟ್ಟಿದ ಗರಿಗಳನ್ನು ಯಾರೂ ಓದಲಾರರು. ದಾರವನ್ನು ಸಡಿಲಿಸಿದ ಗರಿಗಳನ್ನು ಮಾತ್ರ ಓದಬಹುದು. ಅಕ್ಷರ ಅಳಿಯದಿದ್ದರೂ ಕಟ್ಟು ಬಿಗಿದಿದ್ದರೆ ಗ್ರಂಥವು ಇದ್ದೂ ಇಲ್ಲದಂತೆಯೇ ಸರಿ.

ಜೀವಕೋಶದಲ್ಲಿ ಈ ಕಟ್ಟುವಿಕೆಯು ಹಿಸ್ಟೋನುಗಳೆಂಬ ಪ್ರೋಟೀನುಗಳಿಂದ ನಡೆಯುವುದು. ಇವನ್ನು 1884ರಲ್ಲಿ ಆಲ್ಬ್ರೆಕ್ಟ್ ಕೋಸೆಲ್ ಎಂಬ ಜರ್ಮನ್ ವಿದ್ವಾಂಸರು ಕಂಡುಹಿಡಿದರು. ಒಂದು ಕೋಶದ ಡಿ.ಎನ್.ಎ.ಯನ್ನು ಬಿಚ್ಚಿ ಕೊನೆಗೆ ಕೊನೆ ಜೋಡಿಸಿದರೆ ಸುಮಾರು 2 ಮೀಟರು ಉದ್ದವಾಗುವುದು. ಅಷ್ಟು ಉದ್ದದ ಎಳೆಯು ಕಣ್ಣಿಗೆ ಕಾಣದಷ್ಟು ಸಣ್ಣ ಕೇಂದ್ರದಲ್ಲಿ ಹಿಡಿಯಬೇಕಾದರೆ ಸುತ್ತಿಡಲೇಬೇಕಷ್ಟೆ. ಎಂಟು ಹಿಸ್ಟೋನುಗಳು ಕೂಡಿದ ಒಂದೊಂದು ಉಂಡೆಯ ಸುತ್ತ 147 ಅಕ್ಷರಗಳಷ್ಟು ಎಳೆಯು ಸುತ್ತಿಕೊಂಡಿರುವುದು. ಈ ಹಿಸ್ಟೋನುಗಳಿಗೂ ಡಿ.ಎನ್.ಎ.ಗೂ ಕೆಲವು ಸಣ್ಣ ರಾಸಾಯನಿಕ ಗುರುತುಗಳು ಅಂಟಿಕೊಳ್ಳುವುವು. ಹಿಸ್ಟೋನಿಗೆ ಅಸಿಟೈಲ್ ಎಂಬ ಗುರುತು ಅಂಟಿದರೆ ಸುತ್ತು ಸಡಿಲವಾಗಿ ಓದುವಿಕೆ ಸುಗಮವಾಗುವುದು. ವಂಶವಾಹಿಯ ಆರಂಭದಲ್ಲಿ ಡಿ.ಎನ್.ಎ.ಗೆ ಮಿಥೈಲ್ ಎಂಬ ಗುರುತು ಅಂಟಿದರೆ ಸಾಮಾನ್ಯವಾಗಿ ಆ ಪ್ರಕರಣವು ಮುಚ್ಚಿಹೋಗುವುದು. ಹಿಸ್ಟೋನಿನ ಮೇಲಿನ ಮಿಥೈಲ್ ಗುರುತಾದರೆ ಅಂಟಿದ ಸ್ಥಾನವನ್ನು ಅನುಸರಿಸಿ ತೆರೆಯುವುದೂ ಉಂಟು, ಮುಚ್ಚುವುದೂ ಉಂಟು. ಇಂಥ ಗುರುತುಗಳಿಗೂ ಗ್ರಂಥದ ಓದುವಿಕೆಗೂ ಸಂಬಂಧವಿರಬಹುದೆಂದು 1964ರಲ್ಲಿ ವಿನ್ಸೆಂಟ್ ಆಲ್‌ಫ್ರೀ ಎಂಬವರು ತಮ್ಮ ಸಂಗಡಿಗರೊಡನೆ ಸೂಚಿಸಿದರು. ಗುರುತುಗಳನ್ನು ಅಂಟಿಸುವ ಕಿಣ್ವಗಳೂ ಅಳಿಸುವ ಕಿಣ್ವಗಳೂ ತರುವಾಯ ಒಂದೊಂದಾಗಿ ತಿಳಿದುಬಂದುವು.

ಇನ್ನು ಪಚನದ ವಿಚಾರ. ಅನ್ನದಿಂದ ಬಂದ ಸಕ್ಕರೆ, ಕೊಬ್ಬು, ಪ್ರೋಟೀನುಗಳನ್ನು ಜೀವಕೋಶವು ಒಡೆದು ಶಕ್ತಿಯನ್ನು ಪಡೆಯುವುದು, ಒಡೆದ ಚೂರುಗಳಿಂದ ತನಗೆ ಬೇಕಾದುದನ್ನು ಕಟ್ಟಿಕೊಳ್ಳುವುದು; ಇವೆರಡೂ ಸೇರಿ ಚಯಾಪಚಯವೆನಿಸುವುದು. ಶಕ್ತಿಯು ಎ.ಟಿ.ಪಿ. ಎಂಬ ದ್ರವ್ಯದ ರೂಪದಲ್ಲಿ ಕೋಶದೊಳಗೆ ಸಲ್ಲುವುದು. ಈ ದ್ರವ್ಯವನ್ನು 1929ರಲ್ಲಿ ಜರ್ಮನಿಯಲ್ಲಿ ಲೋಮನ್ ಎಂಬವರೂ, ಅಮೇರಿಕದಲ್ಲಿ ಫಿಸ್ಕೆ ಮತ್ತು ಆಂಧ್ರದೇಶದ ಯಲ್ಲಾಪ್ರಗಡ ಸುಬ್ಬರಾವ್ ಅವರೂ ಪ್ರತ್ಯೇಕವಾಗಿ ಗುರುತಿಸಿದರು. ಗ್ಲೂಕೋಸ್ ಎಂಬ ಸಕ್ಕರೆಯ ಒಂದು ಅಣುವನ್ನು ಪ್ರಾಣವಾಯುವಿನ ಸಹಾಯದಿಂದ ಪೂರ್ತಿಯಾಗಿ ದಹಿಸಿದರೆ ಸುಮಾರು 30 ಎ.ಟಿ.ಪಿ. ದೊರೆಯುವುದು. ಪ್ರಾಣವಾಯುವಿಲ್ಲದೆ ಅದನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲವನ್ನಾಗಿ ಮಾಡಿದರೆ ದೊರೆಯುವುದು ಎರಡೇ ಎರಡು. ಓಡಿ ದಣಿದವನ ಮಾಂಸಖಂಡಗಳಲ್ಲಿ ಪ್ರಾಣವಾಯು ಸಾಲದೆ ಹೋದಾಗ ಈ ಎರಡನೆಯ ಬಗೆಯು ನಡೆಯುವುದು.

ಬರ್ಲಿನ್ನಿನಲ್ಲಿದ್ದ ಓಟ್ಟೊ ವಾರ್ಬುರ್ಗ್ ಎಂಬ ವಿದ್ವಾಂಸರು 1920ರ ದಶಕದಲ್ಲಿ ಅರ್ಬುದದ ತೆಳುವಾದ ಹೋಳುಗಳನ್ನು ಇಟ್ಟುಕೊಂಡು, ಅವು ಎಷ್ಟು ಪ್ರಾಣವಾಯುವನ್ನು ಹೀರುವುವು, ಎಷ್ಟು ಆಮ್ಲವನ್ನು ಬಿಡುವುವು ಎಂದು ಅಳೆದರು. ಪ್ರಾಣವಾಯು ಯಥೇಚ್ಛವಾಗಿದ್ದರೂ ಅರ್ಬುದದ ಕೋಶವು ಸಕ್ಕರೆಯನ್ನು ಅರ್ಧಕ್ಕೇ ಒಡೆದು ಲ್ಯಾಕ್ಟಿಕ್ ಆಮ್ಲವನ್ನು ಸುರಿಸುತ್ತಿರುವುದು ಅವರಿಗೆ ಕಂಡಿತು. ಉರಿಯುವ ಒಲೆಯ ಪಕ್ಕದಲ್ಲಿಯೇ ಅಕ್ಕಿಯನ್ನು ಅರೆಬೇಯಿಸಿ ಚೆಲ್ಲಿದಂತಿದ್ದ ಈ ನಡತೆಯು ಎಲ್ಲರನ್ನೂ ಬೆರಗುಗೊಳಿಸಿತು. ಉಸಿರಾಟದ ಕಿಣ್ವದ ಸ್ವರೂಪವನ್ನು ತಿಳಿಸಿದ್ದಕ್ಕಾಗಿ 1931ರಲ್ಲಿ ನೊಬೆಲ್ ಪಾರಿತೋಷಕವನ್ನು ಪಡೆದ ವಾರ್ಬುರ್ಗರು, ಕೋಶದ ಉಸಿರಾಟವು ಕೆಡುವುದೇ ಅರ್ಬುದದ ಮೂಲಕಾರಣವೆಂದು ಕೊನೆಯವರೆಗೂ ಸಾಧಿಸಿದರು. ಇದು ಪೂರ್ವಪಕ್ಷವು.

ಈ ಪಕ್ಷದಲ್ಲಿ ವಾರ್ಬುರ್ಗರು ಕಂಡ ಸಂಗತಿಯು ನಿಜವೆಂದು ಉಳಿದುಕೊಂಡಿತು. ಅದಕ್ಕೆ ಅವರು ಕೊಟ್ಟ ಕಾರಣವು ನಿಲ್ಲಲಿಲ್ಲ. ಸಕ್ಕರೆಯನ್ನು ಅಧಿಕವಾಗಿ ಹೀರುವ ಈ ಗುಣವನ್ನೇ ಹಿಡಿದು, ಅಲ್ಪ ವಿಕಿರಣವುಳ್ಳ ಸಕ್ಕರೆಯಂಥ ಒಂದು ದ್ರವ್ಯವನ್ನು ರಕ್ತಕ್ಕೆ ಸೇರಿಸಿ, ಗಂಟು ಎಲ್ಲೆಲ್ಲಿ ಅಡಗಿದೆಯೆಂದು ನೋಡುವ ಪೆಟ್ ಪರೀಕ್ಷೆಯು ಇಂದು ದೊಡ್ಡ ಆಸ್ಪತ್ರೆಗಳಲ್ಲಿ ನಡೆಯುತ್ತದೆ. ಈ ದ್ರವ್ಯವನ್ನು ಮನುಷ್ಯರಲ್ಲಿ ಮೊದಲು ಬಳಸಿದುದು 1976ರಲ್ಲಿ. ಆದರೆ ಹೆಚ್ಚಿನ ಅರ್ಬುದಗಳಲ್ಲಿ ಉಸಿರಾಟದ ಯಂತ್ರವು ಕೆಟ್ಟಿರುವುದಿಲ್ಲವೆಂದು ಮುಂದಿನ ಸಂಶೋಧಕರು ತೋರಿಸಿದರು. ಬೇಗಬೇಗನೆ ಇಬ್ಬಾಗವಾಗುವ ಕೋಶಕ್ಕೆ ಶಕ್ತಿ ಮಾತ್ರವಲ್ಲ, ಹೊಸ ಕೋಶವನ್ನು ಕಟ್ಟುವ ಸಾಮಗ್ರಿಯೂ ಬೇಕು. ಸಕ್ಕರೆಯನ್ನು ಬೂದಿಯಾಗುವವರೆಗೆ ಸುಟ್ಟರೆ ಸಾಮಗ್ರಿಯು ಉಳಿಯದು. ಅದರ ಪಚನದ ನಡುದಾರಿಯಲ್ಲಿ ದೊರೆಯುವ ಚೂರುಗಳನ್ನು ಅರ್ಬುದವು ಕಟ್ಟಡಕ್ಕಾಗಿ ಎತ್ತಿಕೊಳ್ಳುವುದು. ಅಷ್ಟರಲ್ಲಿ ವಂಶವಾಹಿಗಳ ವಿದ್ಯೆಯು ಬೆಳೆದು, ಅರ್ಬುದದ ಕೋಶಗಳಲ್ಲಿ ಗ್ರಂಥದ ಅಕ್ಷರಗಳೇ ತಪ್ಪಿರುವುದು ನೂರಾರು ಕಡೆ ಕಂಡುದರಿಂದ, 20ನೆಯ ಶತಮಾನದ ಕೊನೆಯ ಭಾಗದಲ್ಲಿ ಎರಡನೆಯ ಪಕ್ಷವು ಪ್ರಬಲವಾಯಿತು. ಪಚನದ ಮಾರ್ಪಾಡು ರೋಗದ ಫಲವೇ ಹೊರತು ಕಾರಣವಲ್ಲವೆಂದು ಬಹುಜನರು ಎಣಿಸಿದರು.

ಈಗ ಎರಡಕ್ಕೂ ನಡುವಣ ದಾರಿಯನ್ನು ನೋಡಬೇಕು. ಹಿಸ್ಟೋನಿಗೆ ಅಂಟುವ ಅಸಿಟೈಲ್ ಗುರುತು ಎಲ್ಲಿಂದ ಬರುವುದು? ಅದು ಆಕಾಶದಿಂದ ಇಳಿಯುವುದಿಲ್ಲ. ಸಕ್ಕರೆಯೂ ಕೊಬ್ಬೂ ಒಡೆದಾಗ ದೊರೆಯುವ ಅಸಿಟೈಲ್ ಕೋ-ಎ ಎಂಬ ದ್ರವ್ಯದಿಂದಲೇ ಆ ಗುರುತು ಬರುವುದು. ಮಿಥೈಲ್ ಗುರುತಾದರೋ ಆಹಾರದ ಪ್ರೋಟೀನಿನಲ್ಲಿರುವ ಮಿಥಿಯೋನೀನ್ ಎಂಬುದರಿಂದ ಬರುವುದು. ಮಿಥೈಲ್ ಗುರುತುಗಳನ್ನು ಅಳಿಸುವ ಅನೇಕ ಕಿಣ್ವಗಳಿಗೆ ಪ್ರಾಣವಾಯುವೂ ಕಬ್ಬಿಣವೂ ಆಲ್ಫಾ-ಕೀಟೋಗ್ಲುಟರೇಟ್ ಎಂಬ ದ್ರವ್ಯವೂ ಇದ್ದೇ ತೀರಬೇಕು; ಈ ಕೊನೆಯದು ಕೋಶದ ದಹನಚಕ್ರದಲ್ಲಿಯೇ ಹುಟ್ಟುವುದು. ಎಂದರೆ ಗ್ರಂಥವನ್ನು ಕಟ್ಟುವ ದಾರವೂ ಬಿಚ್ಚುವ ಕೈಯೂ ಅಡಿಗೆಮನೆಯಿಂದಲೇ ಒದಗತಕ್ಕವು. ಅಡಿಗೆಮನೆಯಲ್ಲಿ ಏನು ಹೆಚ್ಚಿತು, ಏನು ಕಡಿಮೆಯಾಯಿತು ಎಂಬುದರ ಮೇಲೆ ಯಾವ ಗರಿಯು ಬಿಚ್ಚಿಕೊಳ್ಳುವುದು, ಯಾವುದು ಮುಚ್ಚಿಕೊಳ್ಳುವುದು ಎಂಬುದು ಬಹುಮಟ್ಟಿಗೆ ನಿಂತಿದೆ.

ಇದು ಬರಿಯ ಊಹೆಯಲ್ಲ. 2009ರಲ್ಲಿ ಅಮೇರಿಕದ ಪೆನ್ಸಿಲ್ವೇನಿಯ ವಿಶ್ವವಿದ್ಯಾಲಯದಲ್ಲಿ ಕ್ಯಾಥ್ರಿನ್ ವೆಲ್ಲೆನ್, ಕ್ರೇಗ್ ಥಾಂಪ್ಸನ್ ಮೊದಲಾದವರು ಒಂದು ಪರೀಕ್ಷೆಯನ್ನು ಮಾಡಿದರು. ಸಕ್ಕರೆಯಿಂದ ಬಂದ ಸಿಟ್ರೇಟ್ ದ್ರವ್ಯವನ್ನು ಅಸಿಟೈಲ್ ಕೋ-ಎ ಆಗಿ ಒಡೆಯುವ ಕಿಣ್ವವನ್ನು ಅವರು ಕೋಶದಲ್ಲಿ ಕುಂದಿಸಿದರು. ಕೂಡಲೇ ಹಿಸ್ಟೋನುಗಳ ಮೇಲಿನ ಅಸಿಟೈಲ್ ಗುರುತುಗಳೂ ಕುಂದಿದುವು. ಕೋಶಕ್ಕೆ ಸಕ್ಕರೆಯು ದೊರೆಯುವುದಕ್ಕೂ ವಂಶವಾಹಿಗಳು ತೆರೆದುಕೊಳ್ಳುವುದಕ್ಕೂ ನೇರವಾದ ನಂಟಿದೆಯೆಂದು ಇದರಿಂದ ಸಿದ್ಧವಾಯಿತು. ಆರೋಗ್ಯವುಳ್ಳ ಕೋಶದಲ್ಲಿ ಇದು ಒಳ್ಳೆಯ ವ್ಯವಸ್ಥೆಯೇ. ಉಗ್ರಾಣದಲ್ಲಿ ಧಾನ್ಯವಿದ್ದರೆ ಬೆಳೆಯುವ ಕಾರ್ಯವನ್ನು ಹೂಡುವುದು, ಇಲ್ಲದಿದ್ದರೆ ತಡೆದುಕೊಳ್ಳುವುದು ವಿವೇಕವಷ್ಟೆ. ಸಕ್ಕರೆಯನ್ನು ಎಡೆಬಿಡದೆ ಎಳೆದುಕೊಳ್ಳುವ ಅರ್ಬುದದ ಕೋಶದಲ್ಲಾದರೋ ಉಗ್ರಾಣವು ಸದಾ ತುಂಬಿದಂತೆಯೇ ತೋರುವುದು. ಬೆಳೆಯೆಂಬ ಪ್ರಕರಣಗಳು ಮುಚ್ಚಿಕೊಳ್ಳುವುದೇ ಇಲ್ಲ.

ಈ ಸಂಬಂಧವು ಅತ್ಯಂತ ಸ್ಪಷ್ಟವಾಗಿ ತಿಳಿದುಬಂದ ಪ್ರಸಂಗವೊಂದುಂಟು. ಅದನ್ನು ಸ್ವಲ್ಪ ವಿಸ್ತಾರವಾಗಿ ಹೇಳುವುದು ಯುಕ್ತವು.

2008ರಲ್ಲಿ ಅಮೇರಿಕದ ಜಾನ್ಸ್ ಹಾಪ್ಕಿನ್ಸ್ ಸಂಸ್ಥೆಯ ಸಂಶೋಧಕರು ಮಿದುಳಿನ ಅರ್ಬುದಗಳ ಗ್ರಂಥವನ್ನು ಅಕ್ಷರಕ್ಷರವಾಗಿ ಓದುತ್ತಿದ್ದಾಗ, ಯಾರೂ ನಿರೀಕ್ಷಿಸದ ಒಂದು ವಂಶವಾಹಿಯಲ್ಲಿ ಪದೇಪದೇ ಒಂದೇ ತಪ್ಪು ಕಂಡುಬಂದಿತು. ಅದು ಐಸೋಸಿಟ್ರೇಟ್ ಡಿಹೈಡ್ರೋಜಿನೇಸ್, ಸಂಕ್ಷೇಪವಾಗಿ ಐ.ಡಿ.ಎಚ್.-1 ಎಂಬ ಕಿಣ್ವದ ವಂಶವಾಹಿ. ಇದು ಪಚನಕ್ಕೆ ಸೇರಿದ ಸಾಧಾರಣ ಕಿಣ್ವವು. ಅರ್ಬುದಕ್ಕೂ ಇದಕ್ಕೂ ಸಂಬಂಧವುಂಟೆಂದು ಯಾರೂ ಎಣಿಸಿರಲಿಲ್ಲ. 414 ಅಮೈನೋ ಆಮ್ಲಗಳ ಸರಪಣಿಯಾದ ಈ ಕಿಣ್ವದ 132ನೆಯ ಸ್ಥಾನದಲ್ಲಿ ಮಾತ್ರ ವ್ಯತ್ಯಾಸ. ಹೆಚ್ಚಿನ ರೋಗಿಗಳಲ್ಲಿ ಅದಕ್ಕೆ ಕಾರಣ ಡಿ.ಎನ್.ಎ.ಯ ಮೂರಕ್ಷರದ ಒಂದು ಪದದಲ್ಲಿ ನಡುವಣ ಅಕ್ಷರವೊಂದು ಬದಲಾದುದು. 300 ಕೋಟಿ ಅಕ್ಷರಗಳ ಗ್ರಂಥದಲ್ಲಿ ಒಂದಕ್ಷರದ ತಪ್ಪು! 2009ರಲ್ಲಿ, ನಿಧಾನವಾಗಿ ಬೆಳೆಯುವ ಕೆಲವು ಜಾತಿಯ ಮಿದುಳಿನ ಅರ್ಬುದಗಳಲ್ಲಿ ನೂರಕ್ಕೆ 70ಕ್ಕೂ ಹೆಚ್ಚು ರೋಗಿಗಳಲ್ಲಿ ಈ ಬಗೆಯ ತಪ್ಪು ಇರುವುದು ತಿಳಿಯಿತು. ಅದೇ ವರ್ಷ ರಕ್ತದ ಅರ್ಬುದದ ಒಂದು ಜಾತಿಯಲ್ಲಿಯೂ ಅದು ಕಂಡಿತು.

ಈ ಕಿಣ್ವವು ಸ್ವಸ್ಥವಾಗಿದ್ದಾಗ ಆಲ್ಫಾ-ಕೀಟೋಗ್ಲುಟರೇಟನ್ನು ತಯಾರಿಸುವುದು. ತಪ್ಪು ಸೇರಿದ ಕಿಣ್ವವು ಸುಮ್ಮನೆ ಕೆಲಸ ನಿಲ್ಲಿಸಿದ್ದರೆ ಕೋಶವು ಹೇಗೋ ಸರಿದೂಗಿಸಿಕೊಳ್ಳುತ್ತಿತ್ತು. ಆದರೆ ಅದು ಹೊಸದೊಂದು ಕೆಲಸವನ್ನು ಕಲಿತುಬಿಟ್ಟಿತು. ಆಲ್ಫಾ-ಕೀಟೋಗ್ಲುಟರೇಟನ್ನು ಹಿಡಿದು 2-ಹೈಡ್ರಾಕ್ಸಿಗ್ಲುಟರೇಟ್ ಎಂಬ ಬೇರೆ ದ್ರವ್ಯವನ್ನಾಗಿ ಮಾಡತೊಡಗಿತು. ಇದನ್ನು 2009ರಲ್ಲಿಯೇ ತೋರಿಸಲಾಯಿತು. ಆರೋಗ್ಯವಂತರಲ್ಲಿ ಲೆಕ್ಕಕ್ಕೆ ಬಾರದಷ್ಟಿರುವ ಈ ದ್ರವ್ಯವು ಇಂಥ ಅರ್ಬುದಗಳಲ್ಲಿ ನೂರು ಪಾಲಿನಷ್ಟರವರೆಗೂ ಕೂಡಿಕೊಳ್ಳುವುದು.

ಈ ಹೊಸ ದ್ರವ್ಯದ ಆಕಾರವು ಆಲ್ಫಾ-ಕೀಟೋಗ್ಲುಟರೇಟಿನ ಆಕಾರಕ್ಕೆ ಬಹಳ ಹತ್ತಿರ. ಬೀಗಕ್ಕೆ ತಕ್ಕಂತೆ ಕಂಡರೂ ತಿರುಗದ ಬೀಗದಕೈಯಂತೆ ಇದು ಗುರುತು ಅಳಿಸುವ ಕಿಣ್ವಗಳೊಳಗೆ ಹೊಕ್ಕು ಕುಳಿತುಕೊಳ್ಳುವುದು. ನಿಜವಾದ ಬೀಗದಕೈಗೆ ಎಡೆಯಿಲ್ಲದಂತಾಗುವುದು. ಈ ಕಿಣ್ವಗಳಲ್ಲಿ ಮುಖ್ಯವಾದವು ಟೆಟ್ ಎಂಬ ವರ್ಗದವು. ಡಿ.ಎನ್.ಎ.ಯ ಮೇಲಿನ ಮಿಥೈಲ್ ಗುರುತನ್ನು ಇವು ಮಾರ್ಪಡಿಸುವುವೆಂದು 2009ರಲ್ಲಿ ತೋರಿಸಿದ ತಂಡದ ನಾಯಕಿ ಭಾರತೀಯ ಮೂಲದ ವಿದುಷಿ ಅಂಜನಾ ರಾವ್ ಅವರು. ಟೆಟ್ ಕಿಣ್ವಗಳ ಕೈ ಕಟ್ಟಿಹೋದುದರಿಂದ ಮಿಥೈಲ್ ಗುರುತುಗಳು ಅಳಿಯದೆ ಗ್ರಂಥದ ತುಂಬ ಸಾವಿರಾರು ಕಡೆ ಕೂಡಿಕೊಳ್ಳುವುವು. ಹಿಸ್ಟೋನುಗಳ ಮೇಲಿನ ಮಿಥೈಲ್ ಗುರುತುಗಳ ಗತಿಯೂ ಅದೇ. ಸ್ವಸ್ಥ ಕೋಶಗಳಿಗೆ ಈ ಒಂದೇ ತಪ್ಪನ್ನು ಸೇರಿಸಿದರೂ ಇದೇ ಫಲವು ಕಾಣುವುದೆಂದು 2012ರಲ್ಲಿ ಪ್ರಯೋಗದಿಂದ ಸಿದ್ಧಪಡಿಸಿದರು.

ಇದರಿಂದ ರೋಗವು ಹೇಗೆ ಹುಟ್ಟುವುದೆಂದರೆ, ರಕ್ತವನ್ನು ನೋಡಿರಿ. ಮೂಳೆಯ ಮಜ್ಜೆಯಲ್ಲಿ ಹುಟ್ಟಿದ ಎಳೆಯ ಕೋಶವು ಪಕ್ವವಾಗಬೇಕಾದರೆ, ಪಕ್ವತೆಯನ್ನು ವಿಧಿಸುವ ಪ್ರಕರಣಗಳು ಸಕಾಲದಲ್ಲಿ ಬಿಚ್ಚಿಕೊಳ್ಳಬೇಕು. ಅವು ಮುಚ್ಚಿಯೇ ಉಳಿದರೆ ಕೋಶವು ಎಂದಿಗೂ ಎಳೆಯದಾಗಿಯೇ ಇದ್ದು, ತನ್ನ ಕೆಲಸವನ್ನು ಮಾಡದೆ ಸಂಖ್ಯೆಯಲ್ಲಿ ಮಾತ್ರ ಹೆಚ್ಚುತ್ತ ಹೋಗುವುದು. ಮಿದುಳಿನಲ್ಲಿ ಇನ್ನೊಂದು ಬಗೆಯುಂಟು. ಗ್ರಂಥದಲ್ಲಿ ಒಂದು ಪ್ರಕರಣದ ಪ್ರೇರಣೆಯು ಪಕ್ಕದ ಪ್ರಕರಣಕ್ಕೆ ಹರಿಯದಂತೆ, ಹೊಲಕ್ಕೂ ಹೊಲಕ್ಕೂ ನಡುವೆ ಇರುವ ಬದುವಿನಂತೆ, ಸಿ.ಟಿ.ಸಿ.ಎಫ್. ಎಂಬ ಪ್ರೋಟೀನು ಅಲ್ಲಲ್ಲಿ ಕುಳಿತು ಎಲ್ಲೆಯನ್ನು ಕಾಯುವುದು. ಅದು ಕೂರುವ ಸ್ಥಾನಕ್ಕೆ ಮಿಥೈಲ್ ಗುರುತು ಅಂಟಿದರೆ ಅದಕ್ಕೆ ಅಲ್ಲಿ ನೆಲೆಯಿಲ್ಲ. ಬದುವು ಒಡೆದು ನೆರೆಯ ಹೊಲದ ನೀರು ಇತ್ತ ನುಗ್ಗಿದಂತೆ, ನೆರೆಯ ಪ್ರಕರಣದ ಪ್ರೇರಣೆಯು ಬೆಳವಣಿಗೆಯ ಒಂದು ವಂಶವಾಹಿಯನ್ನು ಎಬ್ಬಿಸಿಬಿಡುವುದು. 2016ರಲ್ಲಿ ಬ್ರಾಡ್ಲಿ ಬರ್ನ್‌ಸ್ಟೈನ್ ಮತ್ತು ಸಂಗಡಿಗರು ಇದನ್ನು ಪ್ರಕಟಿಸಿದರು. ಇಲ್ಲಿ ಗಮನಿಸತಕ್ಕ ಮಾತೊಂದುಂಟು: ಹೀಗೆ ಎಚ್ಚೆತ್ತ ವಂಶವಾಹಿಯಲ್ಲಿ ಒಂದಕ್ಷರವೂ ತಪ್ಪಿಲ್ಲ. ಅಕ್ಷರವು ತಪ್ಪಿದುದು ಬೇರೊಂದು ಕಡೆ. ಅದರಿಂದ ಅಡಿಗೆಯು ಕೆಟ್ಟಿತು. ಕೆಟ್ಟ ಅಡಿಗೆಯಿಂದ ಓದುವಿಕೆಯು ಕೆಟ್ಟಿತು.

ಇದೊಂದೇ ಪ್ರಸಂಗವಲ್ಲ. ದಹನಚಕ್ರಕ್ಕೇ ಸೇರಿದ ಇನ್ನೆರಡು ಕಿಣ್ವಗಳು ಕೆಟ್ಟಾಗ ಸಕ್ಸಿನೇಟ್ ಮತ್ತು ಫ್ಯೂಮರೇಟ್ ಎಂಬ ದ್ರವ್ಯಗಳು ಕೂಡಿಕೊಂಡು ಅದೇ ಅಳಿಸುವ ಕಿಣ್ವಗಳನ್ನು ತಡೆಯುವುವು. ಮೊದಲನೆಯದರಿಂದ ಕುತ್ತಿಗೆಯ ಒಂದು ಬಗೆಯ ಗಂಟು ಬರುವುದೆಂದು 2000ದಲ್ಲಿಯೂ, ಎರಡನೆಯದರಿಂದ ಮೂತ್ರಪಿಂಡದ ಒಂದು ಬಗೆಯ ಅರ್ಬುದವು ಬರುವುದೆಂದು 2002ರಲ್ಲಿಯೂ ತಿಳಿದುಬಂದಿತು. ಇವು ಕೆಲವು ಮನೆತನಗಳಲ್ಲಿ ವಂಶಾನುಗತವಾಗಿ ಬರುವುವು.

ಅಕ್ಷರದ ತಪ್ಪಿಲ್ಲದೆಯೂ ಅಡಿಗೆಮನೆಯ ಪರಿಸ್ಥಿತಿಯಿಂದಲೇ ಓದುವಿಕೆ ಕೆಡುವುದುಂಟು. ಗಂಟು ಬೆಳೆದಂತೆಲ್ಲ ಅದರ ಒಳಭಾಗಕ್ಕೆ ರಕ್ತವು ಸಾಲದೆ ಪ್ರಾಣವಾಯುವಿನ ಕೊರತೆಯಾಗುವುದು. ಟೆಟ್ ಕಿಣ್ವಕ್ಕೆ ಪ್ರಾಣವಾಯು ಬೇಕೆಂದು ಹಿಂದೆಯೇ ಹೇಳಿತಷ್ಟೆ. ಅದಿಲ್ಲದೆ ಮಿಥೈಲ್ ಗುರುತುಗಳು ಉಳಿದು, ಬೆಳವಣಿಗೆಯನ್ನು ತಡೆಯತಕ್ಕ ಪ್ರಕರಣಗಳೇ ಮುಚ್ಚಿಹೋಗುವುವೆಂದು ಬೆಲ್ಜಿಯಂ ದೇಶದ ಸಂಶೋಧಕರು 2016ರಲ್ಲಿ ತೋರಿಸಿದರು. ಇನ್ನೂ ಆಶ್ಚರ್ಯವಾದುದು ಲ್ಯಾಕ್ಟಿಕ್ ಆಮ್ಲದ ಸಂಗತಿ. ವಾರ್ಬುರ್ಗರ ಕಾಲದಿಂದಲೂ ಅದನ್ನು ಕೋಶದ ಕಸವೆಂದೇ ಬಹುಮಟ್ಟಿಗೆ ಎಣಿಸಿದ್ದರು. 2019ರಲ್ಲಿ ಶಿಕಾಗೋ ವಿಶ್ವವಿದ್ಯಾಲಯದ ಯಿಂಗ್ಮಿಂಗ್ ಝಾವೋ ಮತ್ತು ಸಂಗಡಿಗರು, ಆ ಆಮ್ಲದಿಂದ ಬಂದ ಲ್ಯಾಕ್ಟೈಲ್ ಎಂಬ ಗುರುತು ಹಿಸ್ಟೋನುಗಳ ಮೇಲೆಯೇ ಅಂಟಿ ವಂಶವಾಹಿಗಳನ್ನು ತೆರೆಯುವುದೆಂದು ಕಂಡರು. ನೂರು ವರ್ಷ ಕಸವೆನಿಸಿಕೊಂಡುದು ಗ್ರಂಥದ ಗುರುತಾಗಿ ನಿಂತಿತು.

ಹೀಗಾಗಿ ಸಿದ್ಧಾಂತವು ಇಷ್ಟು: ಬರಹವೂ ಪಚನವೂ ಒಂದನ್ನೊಂದು ಬಿಟ್ಟಿರುವ ಎರಡು ಕಾರಣಗಳಲ್ಲ. ಬರಹದ ತಪ್ಪು ಪಚನವನ್ನು ಕೆಡಿಸುವುದು. ಪಚನದ ದೋಷವು ಬರಹವನ್ನು ಓದುವ ಕ್ರಮವನ್ನು ಕೆಡಿಸುವುದು. ಕೆಟ್ಟ ಓದುವಿಕೆಯು ಪಚನವನ್ನು ಮತ್ತಷ್ಟು ತನ್ನ ಕಡೆಗೆ ತಿರುಗಿಸಿಕೊಳ್ಳುವುದು.

ಈ ಜ್ಞಾನದಿಂದ ರೋಗಿಗೆ ಏನಾಯಿತು? ಅಕ್ಷರದ ತಪ್ಪನ್ನು ಕೋಟಿಗಟ್ಟಲೆ ಕೋಶಗಳಲ್ಲಿ ತಿದ್ದುವುದು ಇಂದಿಗೂ ಅಸಾಧ್ಯಪ್ರಾಯವಾದುದು. ಗುರುತುಗಳಾದರೋ ಅಂಟುವಂಥವು, ಅಳಿಯುವಂಥವು. ಕೆಟ್ಟ ಕಿಣ್ವವು ಆ ಮೋಸದ ದ್ರವ್ಯವನ್ನು ತಯಾರಿಸದಂತೆ ಮಾಡಿದರೆ ಗುರುತುಗಳು ಮತ್ತೆ ಅಳಿಯಬಹುದೆಂಬ ಯುಕ್ತಿಯಿಂದ ಔಷಧಗಳು ಹುಟ್ಟಿದುವು. ಐ.ಡಿ.ಎಚ್.-2 ಎಂಬ ಸೋದರ ಕಿಣ್ವದ ತಪ್ಪಿನಿಂದಾದ ರಕ್ತದ ಅರ್ಬುದಕ್ಕೆ ಎನಾಸಿಡೆನಿಬ್ ಎಂಬ ಔಷಧವನ್ನು ಅಮೇರಿಕದ ಸರಕಾರವು 2017ರಲ್ಲಿ ಒಪ್ಪಿತು, ಐ.ಡಿ.ಎಚ್.-1ರ ತಪ್ಪಿಗೆ ಐವೋಸಿಡೆನಿಬ್ ಎಂಬುದನ್ನು 2018ರಲ್ಲಿ ಒಪ್ಪಿತು. ಬೇರೆ ಚಿಕಿತ್ಸೆಗಳು ಫಲಿಸದೆ ಹೋದ ರೋಗಿಗಳಿಗೆ ಎನಾಸಿಡೆನಿಬನ್ನು ಕೊಟ್ಟಾಗ ಹತ್ತು ಜನರಲ್ಲಿ ಸುಮಾರು ನಾಲ್ವರಲ್ಲಿ ಗುಣವು ಕಂಡಿತು. ಈ ಔಷಧವು ವಿಷದಂತೆ ಕೋಶವನ್ನು ಕೊಲ್ಲುವುದಲ್ಲ. ಎಳೆಯದಾಗಿಯೇ ನಿಂತಿದ್ದ ಕೋಶವು ಪಕ್ವವಾಗುವಂತೆ ದಾರಿ ಬಿಡುವುದು. 2024ರಲ್ಲಿ ಮಿದುಳಿನ ನಿಧಾನಗತಿಯ ಅರ್ಬುದಗಳಿಗೆ ವೋರಾಸಿಡೆನಿಬ್ ಎಂಬುದು ಅಂಗೀಕೃತವಾಯಿತು. ಶಸ್ತ್ರಕ್ರಿಯೆಯಾದ 331 ರೋಗಿಗಳಲ್ಲಿ ನಡೆದ ಪರೀಕ್ಷೆಯಲ್ಲಿ, ಹುಸಿಗುಳಿಗೆಯನ್ನು ತೆಗೆದುಕೊಂಡವರಲ್ಲಿ ರೋಗವು ಮುಂದುವರಿಯದೆ ಇದ್ದ ಅವಧಿಯು ನಡುಮಟ್ಟದಲ್ಲಿ 11.1 ತಿಂಗಳು, ಔಷಧವನ್ನು ತೆಗೆದುಕೊಂಡವರಲ್ಲಿ 27.7 ತಿಂಗಳು.

ಇದರ ಮಿತಿಯನ್ನೂ ಹೇಳದೆ ಬಿಡಬಾರದು. ಈ ಔಷಧಗಳು ಆ ಒಂದು ತಪ್ಪು ಇರುವ ಅರ್ಬುದಗಳಿಗೆ ಮಾತ್ರ ಸಲ್ಲುವುವು. ಗ್ರಂಥದ ಮೂಲ ತಪ್ಪು ಹಾಗೆಯೇ ಉಳಿದಿರುವುದರಿಂದ ರೋಗವು ಬೇರೆ ದಾರಿಯನ್ನು ಹುಡುಕಿ ಮರಳುವುದೂ ಉಂಟು. ಕೋಶಗಳು ಒಮ್ಮೆಗೇ ಪಕ್ವವಾಗತೊಡಗಿದಾಗ ಜ್ವರ, ಉಬ್ಬಸಗಳು ಕಾಣಿಸಿಕೊಂಡು ಪ್ರಾಣಕ್ಕೆ ಅಪಾಯವಾಗುವುದೂ ಉಂಟು. ಆದಕಾರಣ ನುರಿತ ವೈದ್ಯರ ಕಣ್ಗಾವಲು ಅವಶ್ಯವಾದುದು.

ಕೊನೆಯದಾಗಿ, ಆರಂಭದ ಎರಡು ಪ್ರಶ್ನೆಗಳಿಗೆ ಉತ್ತರವನ್ನು ಹೇಳಬೇಕು. ಇದು ಹುಟ್ಟಿನ ಬರಹವೋ ಎಂದು ಕೇಳುವವರಿಗೆ: ನೂರು ಅರ್ಬುದಗಳಲ್ಲಿ ಸುಮಾರು 5ರಿಂದ 10 ಮಾತ್ರ ತಂದೆತಾಯಿಗಳಿಂದ ಬಂದ ತಪ್ಪಿನಿಂದ ಹುಟ್ಟುವುವು. ಮಿದುಳು ಮತ್ತು ರಕ್ತದ ಅರ್ಬುದಗಳಲ್ಲಿ ಕಂಡ ಐ.ಡಿ.ಎಚ್. ತಪ್ಪಂತೂ ಸಾಮಾನ್ಯವಾಗಿ ಬದುಕಿನ ನಡುವೆ ಎಲ್ಲೋ ಒಂದು ಕೋಶದಲ್ಲಿ ಉಂಟಾದುದು. ಅದು ತಂದೆತಾಯಿಗಳಿಂದ ಬಂದುದೂ ಅಲ್ಲ, ಮಕ್ಕಳಿಗೆ ಹೋಗುವುದೂ ಅಲ್ಲ. ಆದಕಾರಣ ಒಬ್ಬರಿಗೆ ರೋಗ ಬಂದಿತೆಂದು ಆ ಮನೆತನವನ್ನೇ ದೂರವಿಡುವುದು, ಹೆಣ್ಣು ಕೊಡಲು ತರಲು ಹಿಂಜರಿಯುವುದು ಅಜ್ಞಾನವೇ ಸರಿ. ಮನೆತನದಲ್ಲಿ ಅನೇಕರಿಗೆ ಬಂದಿದ್ದರೆ ವೈದ್ಯರ ಸಲಹೆಯಿಂದ ಪರೀಕ್ಷೆಯನ್ನು ಮಾಡಿಸಿಕೊಳ್ಳುವುದು ವಿವೇಕವು.

ಅನ್ನದ ದೋಷವೋ ಎಂದು ಕೇಳುವವರಿಗೆ: ತಂಬಾಕು, ಮದ್ಯಗಳಿಂದ ಅರ್ಬುದವು ಬರುವುದೆಂಬುದು ಸಿದ್ಧವಾದ ಮಾತು; ಅವನ್ನು ಬಿಡುವುದೇ ಲೇಸು. ಆದರೆ ಅರ್ಬುದವು ಸಕ್ಕರೆಯನ್ನು ಹೀರುವುದೆಂದು ಕೇಳಿ, ಸಕ್ಕರೆಯನ್ನೂ ಅನ್ನವನ್ನೂ ನಿಲ್ಲಿಸಿದರೆ ರೋಗವು ತಾನೇ ಹಸಿದು ಸಾಯುವುದೆಂದು ಕೆಲವರು ಬೋಧಿಸುವರು. ಇದು ಸಲ್ಲದು. ಬಾಯಿಗೆ ಸಕ್ಕರೆ ಬೀಳದಿದ್ದರೂ ಯಕೃತ್ತು ದೇಹದ ಪ್ರೋಟೀನನ್ನೇ ಕರಗಿಸಿ ರಕ್ತದಲ್ಲಿ ಸಕ್ಕರೆಯ ಮಟ್ಟವನ್ನು ಕಾಯ್ದುಕೊಳ್ಳುವುದು. ಗಂಟಿಗೆ ಬೇಕಾದುದು ದೊರೆಯುತ್ತಲೇ ಇರುವುದು. ಕರಗುವುದು ರೋಗಿಯ ಮಾಂಸ. ಅರ್ಬುದದ ರೋಗಿಗಳಲ್ಲಿ ಕೃಶತೆಯೇ ಒಂದು ದೊಡ್ಡ ಶತ್ರು. ಕೃಶನಾದವನು ಚಿಕಿತ್ಸೆಯನ್ನು ತಾಳಲಾರನು. ಮೇಲೆ ಹೇಳಿದ ಕೋಶದ ಅಡಿಗೆಮನೆಯು ಮನೆಯ ಅಡಿಗೆಮನೆಯಲ್ಲ. ಅದರ ಕಿಣ್ವಗಳ ಕೇಡನ್ನು ಪಥ್ಯದಿಂದ ತಿದ್ದಲಾಗದು. ಪಥ್ಯಗಳ ವಿಷಯದಲ್ಲಿ ಸಂಶೋಧನೆಗಳು ನಡೆಯುತ್ತಿರುವುವು ನಿಜ. ಚಿಕಿತ್ಸೆಯ ಸ್ಥಾನದಲ್ಲಿ ನಿಲ್ಲತಕ್ಕ ಪಥ್ಯವಾದರೋ ಯಾವುದೂ ಸಿದ್ಧವಾಗಿಲ್ಲ. ಮಧುಮೇಹವು ಜೊತೆಗಿದ್ದರೆ ಅದಕ್ಕೆ ತಕ್ಕ ನಿಯಮವನ್ನು ವೈದ್ಯರೇ ವಿಧಿಸುವರು.

ಆದುದರಿಂದ ದೇಹದಲ್ಲಿ ಕರಗದ ಗಂಟು, ಮಾಯದ ಹುಣ್ಣು, ಕಾರಣವಿಲ್ಲದ ರಕ್ತಸ್ರಾವ, ಕಾರಣವಿಲ್ಲದ ಕೃಶತೆ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗತಕ್ಕದ್ದು. ಬೆಂಗಳೂರಿನಲ್ಲಿ 1973ರಲ್ಲಿ ಸ್ಥಾಪಿತವಾದ ಕಿದ್ವಾಯಿ ಸ್ಮಾರಕ ಸಂಸ್ಥೆಯಂಥ ಆಸ್ಪತ್ರೆಗಳು ಈ ನಾಡಿನಲ್ಲಿಯೇ ಇರುವುವು. ರೋಗಿಯ ಪಕ್ಕದಲ್ಲಿ ಕುಳಿತವರು, ಯಾವ ಪಾಪದ ಫಲವಿದು, ಏನನ್ನು ತಿಂದುದರ ಫಲವಿದು ಎಂದು ಅವನನ್ನು ಕೆದಕದೆ, ಅವನಿಗೆ ಹಿಡಿಸಿದ ಅನ್ನವನ್ನು ಹಿಡಿಸಿದಷ್ಟು ಉಣಿಸಿ, ಔಷಧವನ್ನು ಸಕಾಲದಲ್ಲಿ ಕೊಡಿಸುವುದೇ ಮಾಡತಕ್ಕ ಸೇವೆಯು.